ಸಿಲಿಂಡರ್ ಹೆಡ್ ಬೋಲ್ಟ್‌ಗಳ ಬಿಗಿತ

ಸಿಲಿಂಡರ್ ಹೆಡ್ ಬೋಲ್ಟ್‌ಗಳ ಬಿಗಿತವು ಅಂತರ್ದಹನ ಎಂಜಿನ್ನಿನ ಜೋಡಣೆಯಲ್ಲಿ ಬಹು ಮುಖ್ಯವಾದ ಒಂದು ಹಂತವಾಗಿದೆ. ಎಂಜಿನ್ನಿನ ಮೇಲ್ಭಾಗವಾದ ಸಿಲಿಂಡರ್ ಹೆಡ್ಡನ್ನು ಕೆಳಗಿನ ಬ್ಲಾಕಿಗೆ ಕೂಡಿಸುವ ಬೋಲ್ಟ್‌ಗಳನ್ನು ತಯಾರಕರು ಗೊತ್ತುಪಡಿಸಿದ ಕ್ರಮದಲ್ಲಿಯೂ ಪ್ರಮಾಣದಲ್ಲಿಯೂ ತಿರುಗಿಸಿ, ಇವೆರಡರ ನಡುವೆ ಇರುವ ಗ್ಯಾಸ್ಕೆಟ್ ಎಲ್ಲ ಕಡೆಯೂ ಸಮನಾಗಿ ಅದುಮಿಕೊಳ್ಳುವಂತೆ ಮಾಡುವುದೇ ಇದರ ಉದ್ದೇಶ. ಈ ಕೆಲಸದಲ್ಲಿ ಲೋಪವಾದರೆ ಎಂಜಿನ್ನನ್ನು ತಂಪಾಗಿಡುವ ಶೀತಕ ದ್ರವವು ಹೊರಕ್ಕೋ, ಎಂಜಿನ್ ಎಣ್ಣೆಯೊಳಕ್ಕೋ, ದಹನ ಕೋಣೆಯೊಳಕ್ಕೋ ಸೋರುತ್ತದೆ. ಬೋಲ್ಟ್ ಸಡಿಲವಾಗಿದ್ದರೆ ಮಾತ್ರ ಸೋರಿಕೆ ಉಂಟಾಗುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಅತಿಯಾಗಿ ಬಿಗಿದ ಬೋಲ್ಟ್‌ಗಳೂ ಒಂದು ಹೆಚ್ಚು ಒಂದು ಕಡಿಮೆ ಎಂಬಂತೆ ಬಿಗಿದ ಬೋಲ್ಟ್‌ಗಳೂ ಸೋರಿಕೆಗೆ ಕಾರಣವಾಗುತ್ತವೆ.

ಜೋಡಣೆಯ ಸ್ವರೂಪ

ದ್ರವದಿಂದ ತಂಪಾಗುವ ಎಂಜಿನ್ನಿನ ಬ್ಲಾಕಿನಲ್ಲಿ ಪಿಸ್ಟನ್‌ಗಳು ಚಲಿಸುವ ಸಿಲಿಂಡರ್‌ಗಳಿರುತ್ತವೆ. ಅವುಗಳ ಸುತ್ತ ಶೀತಕ ಹರಿಯುವ ಟೊಳ್ಳು ಜಾಗವಿದ್ದು, ಅದನ್ನು ವಾಟರ್ ಜಾಕೆಟ್ ಎಂದು ಕರೆಯುತ್ತಾರೆ. ಹೆಡ್ಡಿನಲ್ಲಿ ಕವಾಟಗಳು, ದಹನ ಕೋಣೆಯ ಚಾವಣಿ, ಶೀತಕ ಮತ್ತು ಎಣ್ಣೆಯ ಮಾರ್ಗಗಳು ಇರುತ್ತವೆ. ಉರಿಯುವ ಅನಿಲ, ಶೀತಕ, ಎಣ್ಣೆ ಈ ಮೂರೂ ಕೆಲವೇ ಮಿಲಿಮೀಟರ್‌ಗಳ ಅಂತರದಲ್ಲಿ ಒಂದೇ ಗ್ಯಾಸ್ಕೆಟ್ಟಿನ ರಂಧ್ರಗಳನ್ನು ಹಂಚಿಕೊಂಡಿದ್ದರೂ ಒಂದರೊಡನೊಂದು ಬೆರೆಯಬಾರದು.

ಈ ಮೂರರ ಒತ್ತಡಗಳಲ್ಲಿ ಅಪಾರ ವ್ಯತ್ಯಾಸವಿದೆ. ಕಾರುಗಳ ರೇಡಿಯೇಟರ್ ಮುಚ್ಚಳವು ಶೀತಕವನ್ನು ವಾತಾವರಣಕ್ಕಿಂತ ಸುಮಾರು 1 ಬಾರ್‌ನಷ್ಟು ಹೆಚ್ಚಿನ ಒತ್ತಡದಲ್ಲಿ ಹಿಡಿದಿಡುತ್ತದೆ. ಪೆಟ್ರೋಲ್ ಎಂಜಿನ್ನಿನ ದಹನ ಕೋಣೆಯಲ್ಲಿ ಒತ್ತಡವು ಕ್ಷಣಮಾತ್ರ 60 ಬಾರ್‌ನ ಆಸುಪಾಸಿಗೆ ಏರಬಲ್ಲದು. ಡೀಸೆಲ್ ಎಂಜಿನ್ನಿನಲ್ಲಿ ಅದು 100 ಬಾರ್ ದಾಟುತ್ತದೆ. 75 ಮಿಲಿಮೀಟರ್ ವ್ಯಾಸದ ಸಿಲಿಂಡರಿನಲ್ಲಿ 60 ಬಾರ್ ಒತ್ತಡ ಉಂಟಾದಾಗ ಹೆಡ್ಡನ್ನು ಮೇಲಕ್ಕೆ ನೂಕುವ ಬಲ ಸುಮಾರು 26,500 ನ್ಯೂಟನ್, ಅಂದರೆ 2.7 ಟನ್ ತೂಕಕ್ಕೆ ಸಮ. ಎಂಜಿನ್ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವಾಗ ಈ ನೂಕು ಪ್ರತಿ ಸಿಲಿಂಡರಿನಲ್ಲೂ ಎರಡು ಸುತ್ತಿಗೊಮ್ಮೆ ಮರುಕಳಿಸುತ್ತದೆ. ಪ್ರತಿ ನೂಕಿನಲ್ಲೂ ಹೆಡ್ ಕೂದಲೆಳೆಯಷ್ಟು ಏಳಲು ಹವಣಿಸುತ್ತದೆ. ಏಳಲು ಬಿಡದಂತೆ ಹಿಡಿದಿರುವುದು ಬೋಲ್ಟ್‌ಗಳ ಕೆಲಸ; ಗ್ಯಾಸ್ಕೆಟ್ ಮಾಡುವುದು ಉಳಿದ ಸೂಕ್ಷ್ಮ ಸಂದುಗಳನ್ನು ತುಂಬುವ ಕೆಲಸವನ್ನಷ್ಟೆ.

ಬೋಲ್ಟ್ ಹಿಡಿತ ಕೊಡುವ ಬಗೆ

ಬೋಲ್ಟನ್ನು ತಿರುಗಿಸಿದಾಗ ಅದರ ತಲೆ ಹೆಡ್ಡಿನ ಮೇಲೆ ಕುಳಿತುಕೊಳ್ಳುತ್ತದೆ, ತುದಿಯ ತಿರುಪು ಸುತ್ತುಗಳು ಬ್ಲಾಕಿನಲ್ಲಿ ಸಿಕ್ಕಿಕೊಳ್ಳುತ್ತವೆ. ಆಮೇಲೂ ತಿರುಗಿಸಿದರೆ ನಡುವಿನ ಕಾಂಡ ಹಿಗ್ಗಬೇಕಾಗುತ್ತದೆ. ಹೀಗೆ ಹಿಗ್ಗಿದ ಬೋಲ್ಟ್ ತನ್ನ ಮೊದಲಿನ ಉದ್ದಕ್ಕೆ ಮರಳಲು ಎಳೆಯುತ್ತಿರುತ್ತದೆ, ಮತ್ತು ಆ ಎಳೆತವೇ ಹೆಡ್ಡನ್ನು ಬ್ಲಾಕಿಗೆ ಒತ್ತಿ ಹಿಡಿಯುವ ಬಲ. ಉಕ್ಕಿನ ಬೋಲ್ಟ್ ಎಂದರೆ ಬಹು ಗಟ್ಟಿಯಾದ ಒಂದು ಸ್ಪ್ರಿಂಗ್ ಎಂದು ತಿಳಿದರೆ ತಪ್ಪಾಗದು. ಹಿಗ್ಗಿದಷ್ಟೇ ಬಲ ಎಂಬ ಈ ಸಂಬಂಧವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ. ಪ್ರೌಢಶಾಲೆಯ ಭೌತಶಾಸ್ತ್ರದಲ್ಲಿ ಬರುವ ಹುಕ್‌ನ ನಿಯಮ ಇದೇ.

ಇಲ್ಲಿನ ಹಿಗ್ಗುವಿಕೆ ಕಣ್ಣಿಗೆ ಕಾಣುವಂಥದ್ದಲ್ಲ. 10 ಮಿಲಿಮೀಟರ್ ದಪ್ಪದ, 100 ಮಿಲಿಮೀಟರ್ ಉದ್ದದ ಉಕ್ಕಿನ ಬೋಲ್ಟ್ 30,000 ನ್ಯೂಟನ್ ಬಲದಿಂದ, ಎಂದರೆ ಸುಮಾರು 3 ಟನ್ ತೂಕದಷ್ಟು, ಎಳೆಯುವಾಗ ಹಿಗ್ಗುವುದು ಹೆಚ್ಚುಕಡಿಮೆ ಕಾಲು ಮಿಲಿಮೀಟರ್. ನಾಲ್ಕು ಸಿಲಿಂಡರ್‌ಗಳ ಎಂಜಿನ್ನಿನಲ್ಲಿ ಇಂಥ ಹತ್ತು ಬೋಲ್ಟ್‌ಗಳಿದ್ದರೆ ಒಟ್ಟು ಹಿಡಿತ 30 ಟನ್. ಆ 30 ಟನ್ ಹಿಡಿತವು ನಿಂತಿರುವುದು ಕಾಲು ಮಿಲಿಮೀಟರ್ ಹಿಗ್ಗಿನ ಮೇಲೆ ಎಂಬುದನ್ನು ಗಮನಿಸಿದರೆ ಮುಂದಿನ ಎಚ್ಚರಿಕೆಗಳ ಅರ್ಥ ತಾನಾಗಿ ಹೊಳೆಯುತ್ತದೆ. ಬೋಲ್ಟಿನ ತಲೆಯ ಕೆಳಗೆ ಉಳಿದ ಬಣ್ಣದ ಪದರವೋ ಗ್ಯಾಸ್ಕೆಟ್ಟಿನ ಕೆಳಗೆ ಸಿಕ್ಕಿದ ಹಳೆಯ ಅಂಟಿನ ಚೂರೋ ಎಂಜಿನ್ ಓಡಿದ ಮೇಲೆ 0.05 ಮಿಲಿಮೀಟರ್ ಕುಗ್ಗಿತೆಂದರೆ ಆ ಬೋಲ್ಟಿನ ಹಿಡಿತದಲ್ಲಿ ಐದನೆಯ ಒಂದು ಪಾಲು ಹೋದಂತೆ. ಬೋಲ್ಟ್ ಕೇವಲ 25 ಮಿಲಿಮೀಟರ್ ಉದ್ದದ್ದಾಗಿದ್ದರೆ ಅಷ್ಟೇ ಕುಗ್ಗುವಿಕೆಯಿಂದ ಬಹುಪಾಲು ಹಿಡಿತವೇ ಹೋಗುತ್ತಿತ್ತು. ಹೆಡ್ ಬೋಲ್ಟ್‌ಗಳನ್ನು ಉದ್ದವಾಗಿ, ಕೆಲವೊಮ್ಮೆ ಕಾಂಡವನ್ನು ಬೇಕೆಂದೇ ಸಪೂರವಾಗಿ ಮಾಡುವುದಕ್ಕೆ ಇದು ಕಾರಣ.

ಟಾರ್ಕ್ ಮತ್ತು ಘರ್ಷಣೆ

ಕಾರ್ಯಾಗಾರದಲ್ಲಿ ಬೋಲ್ಟಿನ ಹಿಗ್ಗನ್ನು ನೇರವಾಗಿ ಅಳೆಯುವುದು ಕಷ್ಟ. ಆದುದರಿಂದ ಅದನ್ನು ತಿರುಗಿಸಲು ಬೇಕಾದ ತಿರುಚುಬಲವನ್ನು, ಅಂದರೆ ಟಾರ್ಕನ್ನು, ಅಳೆದು ಹಿಡಿತವನ್ನು ಊಹಿಸಲಾಗುತ್ತದೆ. ಒಂದು ಮೀಟರ್ ಉದ್ದದ ಹಿಡಿಯ ತುದಿಯನ್ನು ಒಂದು ನ್ಯೂಟನ್ ಬಲದಿಂದ ಎಳೆದರೆ ಉಂಟಾಗುವುದು ಒಂದು ನ್ಯೂಟನ್ ಮೀಟರ್ ಟಾರ್ಕ್. ಹಳೆಯ ಕೈಪಿಡಿಗಳಲ್ಲಿ ಕಿಲೋಗ್ರಾಂ ಮೀಟರ್ ಮತ್ತು ಪೌಂಡ್ ಅಡಿ ಎಂಬ ಮಾನಗಳು ಕಾಣಸಿಗುತ್ತವೆ. 1 ಕಿಲೋಗ್ರಾಂ ಮೀಟರ್ ಎಂದರೆ 9.81 ನ್ಯೂಟನ್ ಮೀಟರ್; 1 ಪೌಂಡ್ ಅಡಿ ಎಂದರೆ 1.36 ನ್ಯೂಟನ್ ಮೀಟರ್. ಪೌಂಡ್ ಅಡಿಗೂ ಪೌಂಡ್ ಅಂಗುಲಕ್ಕೂ ಹನ್ನೆರಡು ಪಟ್ಟು ವ್ಯತ್ಯಾಸವಿದ್ದು, ಈ ಎರಡನ್ನು ಅದಲು ಬದಲು ಮಾಡಿಕೊಂಡವರು ಬೋಲ್ಟನ್ನು ಮುರಿದೇ ತಿಳಿಯುತ್ತಾರೆ.

ಟಾರ್ಕಿಗೂ ಹಿಡಿತಕ್ಕೂ ನೇರ ಸಂಬಂಧವಿಲ್ಲವೆಂಬುದು ಈ ವಿಷಯದ ತಿರುಳು. ಕೊಟ್ಟ ಟಾರ್ಕಿನಲ್ಲಿ ಸುಮಾರು ಅರ್ಧದಷ್ಟು ಬೋಲ್ಟಿನ ತಲೆಯ ಕೆಳಗಿನ ಉಜ್ಜುವಿಕೆಯಲ್ಲಿ, ಇನ್ನು 40 ಪ್ರತಿಶತ ತಿರುಪು ಸುತ್ತುಗಳ ಉಜ್ಜುವಿಕೆಯಲ್ಲಿ ಕಳೆದುಹೋಗುತ್ತದೆ. ಬೋಲ್ಟನ್ನು ಹಿಗ್ಗಿಸಲು ಉಳಿಯುವುದು ಹತ್ತನೆಯ ಒಂದು ಪಾಲು ಮಾತ್ರ. ಆದ್ದರಿಂದ ಘರ್ಷಣೆಯಲ್ಲಿ ಸ್ವಲ್ಪ ಏರುಪೇರಾದರೂ ಹಿಡಿತದಲ್ಲಿ ದೊಡ್ಡ ಏರುಪೇರು ಕಾಣಿಸಿಕೊಳ್ಳುತ್ತದೆ.

ಎಂಜಿನಿಯರುಗಳು ಬಳಸುವ ಸರಳ ಸೂತ್ರದಲ್ಲಿ ಟಾರ್ಕ್ ಎಂದರೆ ಘರ್ಷಣೆಯ ಗುಣಾಂಕ, ಬೋಲ್ಟಿನ ವ್ಯಾಸ ಮತ್ತು ಹಿಡಿತದ ಬಲ ಇವುಗಳ ಗುಣಲಬ್ಧ. ಒಣಗಿದ ಉಕ್ಕಿಗೆ ಈ ಗುಣಾಂಕವನ್ನು 0.20 ಎಂದೂ ಎಣ್ಣೆ ಸವರಿದ ಉಕ್ಕಿಗೆ 0.15 ಎಂದೂ ಇಟ್ಟುಕೊಳ್ಳುವುದು ವಾಡಿಕೆ. 10 ಮಿಲಿಮೀಟರ್ ಬೋಲ್ಟಿಗೆ 60 ನ್ಯೂಟನ್ ಮೀಟರ್ ಟಾರ್ಕ್ ಕೊಟ್ಟರೆ ಒಣ ಬೋಲ್ಟಿನ ಹಿಡಿತ 30,000 ನ್ಯೂಟನ್. ಎಣ್ಣೆ ಸವರಿದ ಬೋಲ್ಟಿನ ಹಿಡಿತ 40,000 ನ್ಯೂಟನ್. ಉಪಕರಣ ತೋರಿಸಿದ್ದು ಎರಡೂ ಸಲ ಒಂದೇ ಅಂಕಿ, ಹಿಡಿತದಲ್ಲಿ ಮಾತ್ರ ಮೂರನೆಯ ಒಂದು ಪಾಲಿನ ವ್ಯತ್ಯಾಸ. ತುಕ್ಕು ಹಿಡಿದ ಸುತ್ತುಗಳಲ್ಲಿ ಹಿಡಿತ ಇನ್ನೂ ಕೆಳಗಿಳಿಯುತ್ತದೆ. ಹತ್ತು ಬೋಲ್ಟ್‌ಗಳಲ್ಲಿ ನಾಲ್ಕು ಎಣ್ಣೆಯವು, ಆರು ಒಣಗಿದವು ಎಂದಾದರೆ ಪ್ರತಿಯೊಂದನ್ನೂ ಕೈಪಿಡಿಯಲ್ಲಿದ್ದ ಅಂಕಿಗೇ ಬಿಗಿದಿದ್ದರೂ ಹೆಡ್ ಓರೆಯಾಗಿ ಅದುಮಿಕೊಂಡಿರುತ್ತದೆ. ಎಣ್ಣೆ ಸವರಬೇಕೆ ಬೇಡವೆ ಎಂಬುದನ್ನು ತಯಾರಕರ ಕೈಪಿಡಿ ಸ್ಪಷ್ಟವಾಗಿ ಹೇಳಿರುತ್ತದೆ, ಮತ್ತು ಅಲ್ಲಿನ ಟಾರ್ಕಿನ ಅಂಕಿ ಆ ಸ್ಥಿತಿಗೆ ಮಾತ್ರ ಅನ್ವಯಿಸುತ್ತದೆ.

ಟಾರ್ಕ್ ವ್ರೆಂಚ್

ನಿಗದಿತ ಟಾರ್ಕ್ ಮುಟ್ಟಿದಾಗ ಸೂಚನೆ ಕೊಡುವ ಪಾನಾವನ್ನು ಟಾರ್ಕ್ ವ್ರೆಂಚ್ ಎನ್ನುತ್ತಾರೆ. ಇದರ ಆವಿಷ್ಕಾರದ ಶ್ರೇಯ ಸಾಮಾನ್ಯವಾಗಿ ನ್ಯೂಯಾರ್ಕ್ ನಗರದ ನೀರು ಸರಬರಾಜು ಇಲಾಖೆಯಲ್ಲಿದ್ದ ಕಾನ್ರಾಡ್ ಬಾರ್ ಎಂಬಾತನಿಗೆ ಸಲ್ಲುತ್ತದೆ. 1918ರ ಸುಮಾರಿಗೆ ಆತ ಇದನ್ನು ರೂಪಿಸಿದ್ದು ಮೋಟಾರು ವಾಹನಕ್ಕಾಗಿ ಅಲ್ಲ, ನೀರು ಮತ್ತು ಉಗಿಯ ಕೊಳವೆಗಳ ಜೋಡಣೆಯಲ್ಲಿ ಬೋಲ್ಟ್‌ಗಳನ್ನು ಮಿತಿಮೀರಿ ಬಿಗಿಯುವುದನ್ನು ತಪ್ಪಿಸಲು. ಸೋರಿಕೆಯ ಸಮಸ್ಯೆ ಎಂಜಿನ್ನಿಗಿಂತ ಹಳೆಯದು.

ಈಗ ಹೆಚ್ಚಾಗಿ ಬಳಕೆಯಲ್ಲಿರುವುದು ಹಿಡಿಯೊಳಗೆ ಸ್ಪ್ರಿಂಗ್ ಇದ್ದು ಟಕ್ ಎಂದು ಸದ್ದು ಮಾಡುವ ಬಗೆ. ಇದನ್ನು ಬಳಸುವಾಗ ಕೊನೆಯ ಎಳೆತ ನಿಲ್ಲದೆ ಒಂದೇ ಸಮನೆ ಸಾಗಬೇಕು. ನಡುವೆ ನಿಲ್ಲಿಸಿ ಮತ್ತೆ ಎಳೆದರೆ ನಿಂತ ಬೋಲ್ಟನ್ನು ಹೊರಡಿಸಲು ಬೇಕಾಗುವ ಹೆಚ್ಚಿನ ಬಲಕ್ಕೇ ಸದ್ದು ಕೇಳಿಸಿ, ಬೋಲ್ಟ್ ತಿರುಗದೆಯೇ ಕೆಲಸ ಮುಗಿದಂತೆ ತೋರುತ್ತದೆ. ಸದ್ದು ಕೇಳಿದ ಕೂಡಲೇ ಕೈ ನಿಲ್ಲಿಸಬೇಕು. ಖಾತರಿಗೆಂದು ಎರಡನೆಯ ಸಲ ಟಕ್ ಎನ್ನಿಸುವ ಅಭ್ಯಾಸ ಅನೇಕರಲ್ಲಿದ್ದು, ಅದು ಬಿಗಿತವನ್ನು ಹೆಚ್ಚಿಸುತ್ತದೆಯೇ ಹೊರತು ಖಾತರಿಯನ್ನಲ್ಲ. ಕೆಲಸ ಮುಗಿದ ಮೇಲೆ ಸ್ಪ್ರಿಂಗನ್ನು ಅತಿ ಕಡಿಮೆ ಅಂಕಿಗೆ ಇಳಿಸಿ ಇಡುತ್ತಾರೆ. ಬಿಗಿದ ಬೋಲ್ಟನ್ನು ಬಿಚ್ಚಲು ಈ ಉಪಕರಣವನ್ನು ಬಳಸಬಾರದು.

ಕೈಯಂದಾಜಿನ ಮೇಲೆಯೇ ನೂರಾರು ಹೆಡ್‌ಗಳನ್ನು ಕೂರಿಸಿದ ಅನುಭವಿ ಮೆಕ್ಯಾನಿಕ್‌ಗಳು ನಮ್ಮ ಊರುಗಳಲ್ಲಿ ಇದ್ದರು, ಈಗಲೂ ಇದ್ದಾರೆ. ಅವರ ಕೈಗುಣವನ್ನು ಅಲ್ಲಗಳೆಯಬೇಕಿಲ್ಲ. ಹಿಂದೂಸ್ತಾನ್ ಅಂಬಾಸಿಡರ್ ಕಾರಿನ ಹಳೆಯ ಪೆಟ್ರೋಲ್ ಎಂಜಿನ್ನಿನಲ್ಲಿ ಬ್ಲಾಕ್, ಹೆಡ್ ಎರಡೂ ಬೀಡು ಕಬ್ಬಿಣದವು. ಅಂಥ ಗಟ್ಟಿ ಜೋಡಣೆ ಸಣ್ಣಪುಟ್ಟ ತಪ್ಪುಗಳನ್ನು ನುಂಗಿಕೊಳ್ಳುತ್ತಿತ್ತು. ಅಲ್ಯೂಮಿನಿಯಂ ಹೆಡ್‌ಗಳು ಅಷ್ಟು ಸಹಿಸುವುದಿಲ್ಲ.

ಉಷ್ಣದ ಪಾತ್ರ

ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ತೊಡಿಸಿ, ನೀರೆರೆದು ಬಿಗಿಯುವುದನ್ನು ಕಂಡವರಿಗೆ ಲೋಹ ಕಾದಾಗ ಹಿಗ್ಗುತ್ತದೆ ಎಂಬುದನ್ನು ಬೇರೆ ಹೇಳಬೇಕಿಲ್ಲ. ಆದರೆ ಎಲ್ಲ ಲೋಹಗಳೂ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ. ಅಲ್ಯೂಮಿನಿಯಂ ಹಿಗ್ಗುವುದು ಉಕ್ಕು ಮತ್ತು ಬೀಡು ಕಬ್ಬಿಣ ಹಿಗ್ಗುವುದರ ಸುಮಾರು ಎರಡರಷ್ಟು. 100 ಮಿಲಿಮೀಟರ್ ಎತ್ತರದ ಅಲ್ಯೂಮಿನಿಯಂ ಹೆಡ್ 20 ಡಿಗ್ರಿಯಿಂದ 100 ಡಿಗ್ರಿ ಸೆಲ್ಸಿಯಸ್‌ಗೆ ಕಾದಾಗ 0.18 ಮಿಲಿಮೀಟರ್ ಎತ್ತರವಾಗುತ್ತದೆ. ಅಷ್ಟೇ ಉದ್ದದ ಉಕ್ಕಿನ ಬೋಲ್ಟ್ ತಾನಾಗಿ ಹಿಗ್ಗುವುದು 0.10 ಮಿಲಿಮೀಟರ್ ಮಾತ್ರ. ಉಳಿದ ಅಂತರದ ಬಹುಪಾಲನ್ನು ಬೋಲ್ಟ್ ಬಲವಂತವಾಗಿ ಹಿಗ್ಗಿ ತುಂಬಿಕೊಡಬೇಕು. ತಣ್ಣಗಿದ್ದಾಗಲೇ ಮಿತಿಯ ಅಂಚಿನವರೆಗೆ, ಲೆಕ್ಕವಿಲ್ಲದೆ ಬಿಗಿದ ಬೋಲ್ಟ್ ಬಿಸಿಯಾದಾಗ ಮಿತಿ ಮೀರಿ ಹಿಗ್ಗಿ, ತಣಿದ ಮೇಲೆ ಸಡಿಲವಾಗಿಯೇ ಉಳಿದುಬಿಡುವುದುಂಟು. ಅತಿಬಿಗಿತವು ಸಡಿಲತೆಯಲ್ಲಿ ಕೊನೆಗೊಳ್ಳುವ ವಿಚಿತ್ರ ಇದು.

ಅಡ್ಡಲಾಗಿ ನಡೆಯುವ ಚಲನೆ ಇನ್ನೂ ದೊಡ್ಡದು. 400 ಮಿಲಿಮೀಟರ್ ಉದ್ದದ ಅಲ್ಯೂಮಿನಿಯಂ ಹೆಡ್ ಬೀಡು ಕಬ್ಬಿಣದ ಬ್ಲಾಕಿನ ಮೇಲೆ ಕುಳಿತಿದ್ದರೆ, ಅದೇ 80 ಡಿಗ್ರಿ ಏರಿಕೆಯಲ್ಲಿ ಎರಡರ ಉದ್ದದ ನಡುವೆ ಸುಮಾರು 0.4 ಮಿಲಿಮೀಟರ್ ವ್ಯತ್ಯಾಸ ಹುಟ್ಟುತ್ತದೆ. ಬೆಳಗ್ಗೆ ಎಂಜಿನ್ ಚಾಲೂ ಮಾಡಿ ಸಂಜೆ ನಿಲ್ಲಿಸುವ ಪ್ರತಿ ದಿನವೂ ಹೆಡ್ ಗ್ಯಾಸ್ಕೆಟ್ಟಿನ ಮೇಲೆ ಹೀಗೆ ಜರುಗಲು ನೋಡುತ್ತದೆ. ಈಚಿನ ಬಹುಪದರ ಉಕ್ಕಿನ ಗ್ಯಾಸ್ಕೆಟ್‌ಗಳನ್ನು ಸ್ಪ್ರಿಂಗ್ ಉಕ್ಕಿನ ತೆಳು ಹಾಳೆಗಳಿಂದ, ಮೇಲೆ ರಬ್ಬರಿನಂಥ ಲೇಪ ಕೊಟ್ಟು ತಯಾರಿಸುವುದು ಈ ಚಲನೆಯನ್ನು ತಾಳಿಕೊಳ್ಳಲೆಂದು.

ಶಿರಾಡಿ, ಆಗುಂಬೆಯಂಥ ಘಾಟಿಗಳನ್ನು ಹೇರು ಹೊತ್ತು ಹತ್ತುವ ವಾಹನದ ಶೀತಕ ಕಡಿಮೆಯಾಗಿದ್ದರೆ ಎಂಜಿನ್ ಮಿತಿಮೀರಿ ಕಾಯುತ್ತದೆ. ಆಗ ಅಲ್ಯೂಮಿನಿಯಂ ಹೆಡ್ ಬಾಗುವ ಸಂಭವ ಹೆಚ್ಚು. ಬಾಗಿದ ಹೆಡ್ಡನ್ನು ಎಷ್ಟೇ ಕ್ರಮವಾಗಿ ಬಿಗಿದರೂ ಪ್ರಯೋಜನವಿಲ್ಲ. ರೇಡಿಯೇಟರಿಗೆ ಕೊಳವೆ ಬಾವಿಯ ಗಡಸು ನೀರನ್ನೇ ಮತ್ತೆ ಮತ್ತೆ ತುಂಬುವುದರಿಂದ ಶೀತಕದ ಮಾರ್ಗಗಳಲ್ಲಿ ಸುಣ್ಣದ ಪದರ ಕಟ್ಟಿ, ಶಾಖ ಹೊರಹೋಗುವುದು ನಿಧಾನವಾಗುತ್ತದೆ, ಪರಿಣಾಮ ಅದೇ.

ಬಿಗಿಯುವ ಮುನ್ನ

ಹೆಡ್ಡನ್ನು ಬಿಚ್ಚುವಾಗಲೂ ಕ್ರಮವುಂಟು. ಎಂಜಿನ್ ಪೂರ್ತಿ ತಣಿದಿರಬೇಕು ಮತ್ತು ಅಂಚಿನ ಬೋಲ್ಟ್‌ಗಳಿಂದ ಆರಂಭಿಸಿ ನಡುವಿನತ್ತ ಸ್ವಲ್ಪ ಸ್ವಲ್ಪವಾಗಿ ಸಡಿಲಿಸಬೇಕು. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ತೆರೆಯುವುದು ಅಪಾಯಕರ. ಒತ್ತಡದಲ್ಲಿರುವ ಶೀತಕ ಒಮ್ಮೆಗೇ ಕುದಿದು ಮುಖಕ್ಕೆ ಚಿಮ್ಮುತ್ತದೆ.

ಬಿಚ್ಚಿದ ಮೇಲೆ ಎರಡೂ ಮುಖಗಳಿಂದ ಹಳೆಯ ಗ್ಯಾಸ್ಕೆಟ್ಟಿನ ಶೇಷವನ್ನು ತೆಗೆಯಬೇಕು. ಅಲ್ಯೂಮಿನಿಯಂ ಮೆತುವಾದ ಲೋಹವಾದುದರಿಂದ ಉಕ್ಕಿನ ಮೊನೆಯಿಂದ ಕೆರೆದರೆ ಗೀರು ಬೀಳುತ್ತದೆ. ಶೀತಕಕ್ಕೆ ದಾರಿಯಾಗಲು ಒಂದು ಗೀರು ಸಾಕು. ಅನಂತರ ಉಕ್ಕಿನ ನೇರಪಟ್ಟಿಯನ್ನು ಹೆಡ್ಡಿನ ಮೇಲೆ ಉದ್ದಕ್ಕೂ ಅಡ್ಡಕ್ಕೂ ಮೂಲೆಯಿಂದ ಮೂಲೆಗೂ ಇಟ್ಟು, ಕೆಳಗೆ ಫೀಲರ್ ಗೇಜಿನ ತೆಳು ಹಾಳೆ ತೂರುತ್ತದೆಯೆ ಎಂದು ನೋಡುತ್ತಾರೆ. ಹಲವು ಕಾರುಗಳಲ್ಲಿ ಅನುಮತಿಸುವ ಡೊಂಕು 0.05ರಿಂದ 0.10 ಮಿಲಿಮೀಟರ್ ಮಾತ್ರ. ಹೆಚ್ಚು ಡೊಂಕಿದ್ದರೆ ಯಂತ್ರದಲ್ಲಿ ಮುಖವನ್ನು ಸಮತಟ್ಟು ಮಾಡಿಸಬೇಕಾಗುತ್ತದೆ.

ಅತಿ ಹೆಚ್ಚು ನಿರ್ಲಕ್ಷ್ಯಕ್ಕೆ ಒಳಗಾಗುವುದು ಬ್ಲಾಕಿನಲ್ಲಿರುವ ಬೋಲ್ಟಿನ ರಂಧ್ರಗಳು. ಹೆಡ್ ಎತ್ತುವಾಗ ಶೀತಕವೂ ಎಣ್ಣೆಯೂ ಈ ರಂಧ್ರಗಳಿಗೆ ಇಳಿಯುತ್ತವೆ. ತಳ ಮುಚ್ಚಿದ ರಂಧ್ರದಲ್ಲಿ ದ್ರವ ಉಳಿದಿದ್ದರೆ, ಬೋಲ್ಟ್ ಕೆಳಗಿಳಿಯುತ್ತ ಅದನ್ನು ಒತ್ತತೊಡಗುತ್ತದೆ. ದ್ರವ ಕುಗ್ಗುವುದಿಲ್ಲ; ಹೊರಬರಲು ದಾರಿಯೂ ಇಲ್ಲ. ಹೀಗಾಗಿ ಟಾರ್ಕ್ ವ್ರೆಂಚ್ ಬೇಗನೆ ಸದ್ದು ಮಾಡಿ ಬೋಲ್ಟ್ ಬಿಗಿಯಾಯಿತೆಂಬ ಭ್ರಮೆ ಹುಟ್ಟಿಸುತ್ತದೆ, ಇಲ್ಲವೆ ಒತ್ತಡ ತಾಳದೆ ಬ್ಲಾಕೇ ಬಿರುಕು ಬಿಡುತ್ತದೆ. ಒಂದು ಚಮಚೆಗಿಂತ ಕಡಿಮೆ ನೀರು ಇಡೀ ಬ್ಲಾಕನ್ನು ಕೆಲಸಕ್ಕೆ ಬಾರದಂತೆ ಮಾಡಬಲ್ಲದು. ರಂಧ್ರಗಳನ್ನು ಗಾಳಿ ಊದಿ ಒಣಗಿಸಿ, ತಿರುಪು ಸುತ್ತುಗಳನ್ನು ಶುಚಿಗೊಳಿಸಿದ ಮೇಲೆ ಪ್ರತಿ ಬೋಲ್ಟ್ ಬೆರಳಿನಿಂದಲೇ ಸಲೀಸಾಗಿ ಒಳಗಿಳಿಯಬೇಕು.

ಕೆಲವು ಎಂಜಿನ್‌ಗಳಲ್ಲಿ ಬೋಲ್ಟಿನ ರಂಧ್ರ ನೇರವಾಗಿ ವಾಟರ್ ಜಾಕೆಟ್ಟಿಗೇ ತೆರೆದುಕೊಳ್ಳುತ್ತದೆ. ಷೆವ್ರೊಲೆ ಕಂಪನಿಯ ಸ್ಮಾಲ್ ಬ್ಲಾಕ್ ಎಂದು ಹೆಸರಾದ ವಿ-8 ಎಂಜಿನ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಅಲ್ಲಿ ಸುತ್ತುಗಳಿಗೆ ಸೋರಿಕೆ ತಡೆಯುವ ಲೇಪ ಹಚ್ಚದಿದ್ದರೆ ಶೀತಕವು ಬೋಲ್ಟಿನ ಸುತ್ತುಗಳನ್ನೇ ಹಿಡಿದು ಮೇಲೇರಿ ಬರುತ್ತದೆ. ಗ್ಯಾಸ್ಕೆಟ್ ಸರಿಯಾಗಿದ್ದರೂ ಸೋರಿಕೆ ನಿಲ್ಲದಿರುವುದಕ್ಕೆ ಇಂಥ ಎಂಜಿನ್‌ಗಳಲ್ಲಿ ಇದೂ ಒಂದು ಕಾರಣ.

ಕ್ರಮ ಮತ್ತು ಹಂತಗಳು

ಬೋಲ್ಟ್‌ಗಳನ್ನು ನಡುವಿನಿಂದ ಆರಂಭಿಸಿ ಎರಡೂ ಬದಿಗೆ ಸುರುಳಿಯಾಗಿ ಅಂಚಿನತ್ತ ಸಾಗುತ್ತ ಬಿಗಿಯುವುದು ಬಹುತೇಕ ಎಲ್ಲ ಎಂಜಿನ್‌ಗಳಿಗೆ ಅನ್ವಯಿಸುವ ಕ್ರಮ. ಹೋಳಿಗೆ ಲಟ್ಟಿಸುವವರು ನಡುವಿನಿಂದ ಅಂಚಿಗೆ ಒತ್ತುತ್ತ ಹೋಗುವುದು ಹೂರಣ ಒಂದೆಡೆ ಗುಡ್ಡೆಯಾಗದಿರಲಿ ಎಂದು. ಇಲ್ಲಿಯೂ ಅದೇ ತರ್ಕ. ಅಂಚುಗಳನ್ನು ಮೊದಲು ಬಿಗಿದರೆ ಗ್ಯಾಸ್ಕೆಟ್ಟಿನ ಅಲ್ಪಸ್ವಲ್ಪ ಉಬ್ಬು ಹೊರಸರಿಯಲು ದಾರಿಯಿಲ್ಲದೆ ನಡುವೆ ಸಿಕ್ಕಿಕೊಳ್ಳುತ್ತದೆ, ಹೆಡ್ ಸೇತುವೆಯಂತೆ ಬಾಗುತ್ತದೆ. ಅತಿ ಹೆಚ್ಚು ಶಾಖವಿರುವ ನಡುವಿನ ಸಿಲಿಂಡರ್‌ಗಳ ಬಳಿಯೇ ಹಿಡಿತ ಕುಂದುತ್ತದೆ.

ಒಂದೇ ಸಲಕ್ಕೆ ಪೂರ್ಣ ಬಿಗಿತ ಕೊಡುವುದೂ ಸಲ್ಲ. ಮೊದಲ ಸುತ್ತಿನಲ್ಲಿ ಎಲ್ಲ ಬೋಲ್ಟ್‌ಗಳಿಗೂ ನಿಗದಿತ ಟಾರ್ಕಿನ ಮೂರನೆಯ ಒಂದು ಪಾಲು, ಎರಡನೆಯ ಸುತ್ತಿನಲ್ಲಿ ಮೂರನೆಯ ಎರಡು ಪಾಲು, ಮೂರನೆಯದರಲ್ಲಿ ಪೂರ್ಣ ಪ್ರಮಾಣ ಎಂಬಂತೆ ಹಂತಹಂತವಾಗಿ ಏರಿಸಲಾಗುತ್ತದೆ. ಒಂದು ಬೋಲ್ಟನ್ನು ಬಿಗಿದಾಗ ಅದರ ಪಕ್ಕದ ಗ್ಯಾಸ್ಕೆಟ್ ಕುಗ್ಗಿ, ಮೊದಲೇ ಬಿಗಿದಿದ್ದ ನೆರೆಯ ಬೋಲ್ಟ್ ತುಸು ಸಡಿಲವಾಗುವುದು ಸಹಜ. ಆದ್ದರಿಂದ ಕೊನೆಯ ಸುತ್ತನ್ನು ಇನ್ನೊಮ್ಮೆ ಪುನರಾವರ್ತಿಸಲು ಕೆಲವು ಕೈಪಿಡಿಗಳು ಸೂಚಿಸುತ್ತವೆ. ಯಾವ ಬೋಲ್ಟ್ ಮುಗಿಯಿತು, ಯಾವುದು ಉಳಿಯಿತು ಎಂಬ ಗೊಂದಲ ತಪ್ಪಿಸಲು ಪ್ರತಿ ತಲೆಯ ಮೇಲೆ ಬಣ್ಣದ ಚುಕ್ಕೆ ಇಡುವುದು ಸರಳವಾದ ಉಪಾಯ.

ಹಳೆಯ ಕಾಲದ ಮಿಶ್ರಣದ ಗ್ಯಾಸ್ಕೆಟ್‌ಗಳು ಎಂಜಿನ್ ಓಡಿದ ಮೇಲೆ ಕುಗ್ಗುತ್ತಿದ್ದುದರಿಂದ ಕೆಲವು ನೂರು ಕಿಲೋಮೀಟರ್‌ಗಳ ನಂತರ ಮರುಬಿಗಿತ ಕಡ್ಡಾಯವಾಗಿತ್ತು. ಬಹುಪದರ ಉಕ್ಕಿನ ಗ್ಯಾಸ್ಕೆಟ್‌ಗಳಿಗೆ ಸಾಮಾನ್ಯವಾಗಿ ಮರುಬಿಗಿತ ಬೇಕಿಲ್ಲ.

ಕೋನದ ಲೆಕ್ಕದ ಬಿಗಿತ

ಟಾರ್ಕ್ ವ್ರೆಂಚನ್ನು ಎಚ್ಚರದಿಂದ ಬಳಸಿದರೂ ಘರ್ಷಣೆಯ ಏರುಪೇರಿನಿಂದ ಹಿಡಿತವು ಸುಮಾರು 25 ಪ್ರತಿಶತ ಮೇಲೆ ಕೆಳಗೆ ಆಗಬಹುದೆಂದು ಎಣಿಸಲಾಗುತ್ತದೆ. ಇದಕ್ಕೆ ಪರಿಹಾರವಾಗಿ ಬಂದ ವಿಧಾನದಲ್ಲಿ ಮೊದಲು ಕಡಿಮೆ ಟಾರ್ಕಿಗೆ ಬೋಲ್ಟನ್ನು ಕೂರಿಸಿ, ಆಮೇಲೆ ಟಾರ್ಕನ್ನು ನೋಡದೆ ಇಂತಿಷ್ಟು ಡಿಗ್ರಿ ತಿರುಗಿಸಲಾಗುತ್ತದೆ. ತಿರುಪಿನ ಎರಡು ಸುತ್ತುಗಳ ನಡುವಿನ ಅಂತರ 1.5 ಮಿಲಿಮೀಟರ್ ಆಗಿದ್ದರೆ, 90 ಡಿಗ್ರಿ ತಿರುಗಿಸಿದಾಗ ಬೋಲ್ಟ್ ಮುಂದೆ ಸಾಗುವುದು 0.375 ಮಿಲಿಮೀಟರ್. ಎಣ್ಣೆ ಇರಲಿ, ಇಲ್ಲದಿರಲಿ, ಈ ದೂರ ಬದಲಾಗುವುದಿಲ್ಲ. ಇದರಲ್ಲಿ ಒಂದು ಭಾಗ ಹೆಡ್ ಮತ್ತು ಗ್ಯಾಸ್ಕೆಟ್ ಕುಗ್ಗುವುದಕ್ಕೆ, ಉಳಿದದ್ದು ಬೋಲ್ಟ್ ಹಿಗ್ಗುವುದಕ್ಕೆ ಸಲ್ಲುತ್ತದೆ. ಘರ್ಷಣೆಯ ಪ್ರಭಾವ ಕೂರಿಸುವ ಮೊದಲ ಹಂತಕ್ಕಷ್ಟೆ ಸೀಮಿತವಾಗುತ್ತದೆ.

ಅನೇಕ ಎಂಜಿನ್‌ಗಳಲ್ಲಿ ಈ ತಿರುವು ಬೋಲ್ಟನ್ನು ಅದು ಶಾಶ್ವತವಾಗಿ ಹಿಗ್ಗತೊಡಗುವ ಮಿತಿಯವರೆಗೆ, ಅಂದರೆ ಇಳುವರಿ ಬಿಂದುವಿನವರೆಗೆ, ಒಯ್ಯುತ್ತದೆ. ಆ ಬಿಂದು ಮುಟ್ಟಿದ ಮೇಲೆ ಕೆಲವು ಡಿಗ್ರಿ ಹೆಚ್ಚು ಕಡಿಮೆಯಾದರೂ ಹಿಡಿತ ಬಹುತೇಕ ಒಂದೇ ಮಟ್ಟದಲ್ಲಿ ಉಳಿಯುವುದರಿಂದ ಎಲ್ಲ ಬೋಲ್ಟ್‌ಗಳೂ ಸಮನಾಗಿ ಹಿಡಿಯುತ್ತವೆ. ಇದಕ್ಕೆ ತೆರಬೇಕಾದ ಬೆಲೆಯೆಂದರೆ ಅಂಥ ಬೋಲ್ಟ್‌ಗಳನ್ನು ಸಾಮಾನ್ಯವಾಗಿ ಮತ್ತೆ ಬಳಸುವಂತಿಲ್ಲ. ಕೆಲವು ತಯಾರಕರು ಉದ್ದವನ್ನು ಅಳೆದು ಮಿತಿಯೊಳಗಿದ್ದರೆ ಮರುಬಳಕೆಗೆ ಅವಕಾಶ ಕೊಡುತ್ತಾರೆ. ಹಳೆಯ ಬೋಲ್ಟ್ ಕಣ್ಣಿಗೆ ಹೊಸದರಂತೆಯೇ ಕಾಣುವುದರಿಂದ ಹಣ ಉಳಿಸಲು ಅದನ್ನೇ ಹಾಕುವ ಆಸೆ ಹುಟ್ಟುತ್ತದೆ. ಹೆಡ್ಡನ್ನು ಎರಡನೆಯ ಸಲ ಬಿಚ್ಚುವ ಖರ್ಚಿನ ಮುಂದೆ ಹತ್ತು ಬೋಲ್ಟ್‌ಗಳ ಬೆಲೆ ಏನೇನೂ ಅಲ್ಲ.

ರೋವರ್ ಕೆ-ಸರಣಿಯ ನಿದರ್ಶನ

ಬ್ರಿಟನ್ನಿನ ರೋವರ್ ಕಂಪನಿಯ ಕೆ-ಸರಣಿಯ ಎಂಜಿನ್ ಹೆಡ್ ಬೋಲ್ಟ್ ಮತ್ತು ಶೀತಕ ಸೋರಿಕೆಯ ಚರ್ಚೆಯಲ್ಲಿ ಪದೇ ಪದೇ ಉಲ್ಲೇಖಗೊಳ್ಳುತ್ತದೆ. 1980ರ ದಶಕದ ಕೊನೆಯಲ್ಲಿ ಬಂದ ಈ ಅಲ್ಯೂಮಿನಿಯಂ ಎಂಜಿನ್ ತೂಕದಲ್ಲಿ ಹಗುರ, ವಿನ್ಯಾಸದಲ್ಲಿ ಹೊಸತು. ನಾಲ್ಕು ಸಿಲಿಂಡರ್‌ಗಳ ಮಾದರಿಯಲ್ಲಿ ಹತ್ತು ನೀಳವಾದ ಬೋಲ್ಟ್‌ಗಳು ಹೆಡ್ಡನ್ನೂ ಬ್ಲಾಕನ್ನೂ ದಾಟಿ, ಕೆಳಗಿನ ಬೇರಿಂಗ್ ಚೌಕಟ್ಟನ್ನೂ ಸೇರಿಸಿ ಒಂದೇ ಕಟ್ಟಿನಂತೆ ಹಿಡಿಯುತ್ತಿದ್ದವು. ಬೋಲ್ಟ್ ಅಷ್ಟು ಉದ್ದವಾಗಿದ್ದುದರಿಂದ ಬಿಗಿತದ ಸೂಚನೆಯೂ ವಿಶಿಷ್ಟವಾಗಿತ್ತು: ಮೊದಲು 20 ನ್ಯೂಟನ್ ಮೀಟರ್, ಆಮೇಲೆ 180 ಡಿಗ್ರಿ, ಮತ್ತೊಮ್ಮೆ 180 ಡಿಗ್ರಿ. ಕೂರಿಸಿದ ಮೇಲೆ ಪೂರ್ತಿ ಒಂದು ಸುತ್ತು.

ಎಂಜಿನ್ನಿನ ಸಾಮರ್ಥ್ಯವನ್ನು 1.8 ಲೀಟರ್‌ವರೆಗೆ ಹಿಗ್ಗಿಸಿದ ನಂತರ ಹೆಡ್ ಗ್ಯಾಸ್ಕೆಟ್ ಕೆಡುವ ದೂರುಗಳು ಹೆಚ್ಚಿದವು. ಎಂಜಿನ್ನಿನಲ್ಲಿದ್ದ ಶೀತಕದ ಪ್ರಮಾಣ ಕಡಿಮೆ. ಎಲ್ಲಿಯೋ ಸಣ್ಣ ಸೋರಿಕೆಯಾದರೂ ಬೇಗ ಬಿಸಿಯೇರುತ್ತಿತ್ತು. ಥರ್ಮೋಸ್ಟ್ಯಾಟ್ ಇದ್ದ ಸ್ಥಾನದಿಂದಾಗಿ ತಣ್ಣನೆಯ ಶೀತಕ ಬಿಸಿ ಎಂಜಿನ್ನಿಗೆ ಒಮ್ಮೆಗೇ ನುಗ್ಗುತ್ತಿತ್ತೆಂಬ ವಿವರಣೆಯೂ ಇದೆ. ಹೆಡ್ಡನ್ನು ಸರಿಯಾದ ಸ್ಥಾನದಲ್ಲಿ ನಿಲ್ಲಿಸುವ ಡೊವೆಲ್ ಎಂಬ ಗೂಟಗಳನ್ನು ಒಂದು ಹಂತದಲ್ಲಿ ಪ್ಲಾಸ್ಟಿಕ್ಕಿನಿಂದ ಮಾಡಲಾಗಿತ್ತು. ಅವು ಹೆಡ್ ಜರುಗುವುದನ್ನು ತಡೆಯಲಾರದೆ ಹೋದುದರಿಂದ ಮತ್ತೆ ಉಕ್ಕಿನ ಗೂಟಗಳು ಬಂದವು. ಮುಂದೆ ಬಹುಪದರ ಉಕ್ಕಿನ ಗ್ಯಾಸ್ಕೆಟ್ಟನ್ನೂ ಬಳಸಲಾಯಿತು. ಕಾರಣ ಇದೊಂದೇ ಎಂದು ಬೆರಳಿಟ್ಟು ಹೇಳುವುದು ಸುಲಭವಲ್ಲ. ಬೋಲ್ಟನ್ನು ಲೆಕ್ಕದಂತೆ ಬಿಗಿದರೂ ಹೆಡ್ ಅಡ್ಡಲಾಗಿ ಜರುಗಿದರೆ, ಶಾಖ ಮಿತಿಮೀರಿದರೆ ಸೋರಿಕೆ ತಪ್ಪದು ಎಂಬುದಕ್ಕೆ ಈ ಎಂಜಿನ್ ಸಾಕ್ಷಿ. ಇದರ ಸಿಲಿಂಡರ್ ತೋಳುಗಳು ಬ್ಲಾಕಿಗೆ ಅಂಟಿಕೊಂಡಿರದೆ ಹೆಡ್ಡಿನ ಒತ್ತಡದಿಂದಲೇ ನಿಲ್ಲುವಂಥವು. ಹೆಡ್ ತೆಗೆದಿರುವಾಗ ಅವನ್ನು ಅದುಮಿ ಹಿಡಿಯದೆ ಎಂಜಿನ್ನನ್ನು ತಿರುಗಿಸಿದರೆ ತೋಳು ಮೇಲೇಳುತ್ತದೆ, ತಳದ ಮುದ್ರೆ ಬಿಟ್ಟುಕೊಂಡು ಶೀತಕ ಎಣ್ಣೆಯ ತೊಟ್ಟಿಗೆ ಇಳಿಯುತ್ತದೆ.

ಸೋರಿಕೆಯ ಲಕ್ಷಣಗಳು

ಹೊರಕ್ಕೆ ಸೋರಿದರೆ ಹೆಡ್ ಮತ್ತು ಬ್ಲಾಕ್ ಸೇರುವ ಗೆರೆಯಲ್ಲಿ ಒಣಗಿದ ಬಿಳಿ ಅಥವಾ ಬಣ್ಣದ ಕಲೆ ಕಾಣುತ್ತದೆ. ಒಳಕ್ಕೆ ಸೋರಿದರೆ ನೆಲದ ಮೇಲೆ ಒಂದು ಹನಿಯೂ ಬೀಳದೆ ಶೀತಕ ಮಾತ್ರ ದಿನೇ ದಿನೇ ಕಡಿಮೆಯಾಗುತ್ತ ಹೋಗುತ್ತದೆ, ಇದು ಹೆಚ್ಚು ಅಪಾಯಕಾರಿ. ಎಣ್ಣೆಗೆ ಬೆರೆತಾಗ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿ ಬೇರಿಂಗ್‌ಗಳನ್ನು ಕಾಪಾಡುವ ಗುಣವನ್ನು ಕಳೆದುಕೊಳ್ಳುತ್ತದೆ. ಎಣ್ಣೆ ಸುರಿಯುವ ಮುಚ್ಚಳದ ಅಡಿಯಲ್ಲಿ ಮಾತ್ರ ತುಸು ನೊರೆ ಕಂಡರೆ ಗಾಬರಿಯಾಗಬೇಕಿಲ್ಲ; ಕಡಿಮೆ ದೂರದ ಓಡಾಟದಲ್ಲಿ ಗಾಳಿಯ ತೇವವೂ ಅಲ್ಲಿ ಕೂಡುತ್ತದೆ. ದಹನ ಕೋಣೆಗೆ ಸೇರಿದ ಶೀತಕ ಸಿಹಿವಾಸನೆಯ ದಟ್ಟ ಬಿಳಿ ಹೊಗೆಯಾಗಿ ಹೊರಬರುತ್ತದೆ. ಎಂಜಿನ್ ನಿಂತಿದ್ದಾಗ ಹೆಚ್ಚು ಪ್ರಮಾಣದಲ್ಲಿ ಸೇರಿದ್ದರೆ, ಮರುದಿನ ಚಾಲೂ ಮಾಡುವಾಗ ಕುಗ್ಗದ ದ್ರವಕ್ಕೆ ಪಿಸ್ಟನ್ ಬಡಿದು ಕನೆಕ್ಟಿಂಗ್ ರಾಡ್ ಬಾಗುವುದೂ ಉಂಟು.

ದಹನದ ಅನಿಲವೇ ಶೀತಕಕ್ಕೆ ನುಗ್ಗುತ್ತಿದ್ದರೆ ರೇಡಿಯೇಟರಿನಲ್ಲಿ ಗುಳ್ಳೆಗಳೇಳುತ್ತವೆ, ರಬ್ಬರ್ ಕೊಳವೆಗಳು ಎಂಜಿನ್ ತಣ್ಣಗಿರುವಾಗಲೇ ಗಟ್ಟಿಯಾಗುತ್ತವೆ. ಇದನ್ನು ದೃಢಪಡಿಸಲು ಶೀತಕದ ಮೇಲಿನ ಗಾಳಿಯನ್ನು ನೀಲಿ ಬಣ್ಣದ ಒಂದು ಪರೀಕ್ಷಾ ದ್ರವದ ಮೂಲಕ ಹಾಯಿಸುತ್ತಾರೆ. ಇಂಗಾಲದ ಡೈಆಕ್ಸೈಡ್ ಇದ್ದರೆ ನೀಲಿ ಬಣ್ಣ ಹಳದಿಗೆ ತಿರುಗುತ್ತದೆ. ಈಗಾಗಲೇ ಸೋರುತ್ತಿರುವ ಹೆಡ್ಡಿನ ಬೋಲ್ಟ್‌ಗಳನ್ನು ಇನ್ನಷ್ಟು ಬಿಗಿದು ಸೋರಿಕೆ ನಿಲ್ಲಿಸಲು ಯತ್ನಿಸುವುದು ವ್ಯರ್ಥ. ಒಮ್ಮೆ ಅನಿಲ ಅಥವಾ ಶೀತಕ ಕೊರೆದ ಗ್ಯಾಸ್ಕೆಟ್ ಮತ್ತೆ ಕೂಡಿಕೊಳ್ಳುವುದಿಲ್ಲ.

ಶೀತಕ ಮಾರ್ಗದ ಇತರ ಬೋಲ್ಟ್‌ಗಳು

ಶೀತಕ ಸೋರಿದಾಗಲೆಲ್ಲ ಹೆಡ್ಡನ್ನೇ ಶಂಕಿಸಬೇಕಿಲ್ಲ. ನೀರಿನ ಪಂಪು, ಥರ್ಮೋಸ್ಟ್ಯಾಟ್ ಕೂಡು, ಕೊಳವೆಗಳ ಕೊಂಡಿ ಇವುಗಳನ್ನು ಹಿಡಿದಿರುವುದು ಹೆಚ್ಚಾಗಿ 6 ಅಥವಾ 8 ಮಿಲಿಮೀಟರ್ ದಪ್ಪದ ಸಣ್ಣ ಬೋಲ್ಟ್‌ಗಳು. 6 ಮಿಲಿಮೀಟರ್ ಬೋಲ್ಟಿಗೆ ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಸಾಕು. ಹೆಡ್ ಬೋಲ್ಟ್ ಬಿಗಿದು ಬಂದ ಕೈಗೆ ಇದು ಏನೂ ಅಲ್ಲವೆನಿಸಿ, ಉದ್ದ ಹಿಡಿಯ ಪಾನಾದಿಂದ ಒಂದು ಎಳೆತ ಹೆಚ್ಚೇ ಎಳೆಯುವುದುಂಟು. ಆಗ ಅಲ್ಯೂಮಿನಿಯಂನೊಳಗಿನ ತಿರುಪು ಸುತ್ತುಗಳು ಕಿತ್ತುಬರುತ್ತವೆ, ಇಲ್ಲವೆ ಎರಕದ ಕಿವಿ ಬಿರಿಯುತ್ತದೆ. ಬಿರಿಯದಿದ್ದರೂ ಬೋಲ್ಟಿನ ಬಳಿ ಅಂಚು ಬಾಗಿ, ಎರಡು ಬೋಲ್ಟ್‌ಗಳ ನಡುವೆ ಬಿಲ್ಲಿನಂತೆ ಮೇಲೆದ್ದು ಶೀತಕ ಅಲ್ಲಿಂದ ಜಿನುಗುತ್ತದೆ. ಜಿನುಗಿತೆಂದು ಮತ್ತಷ್ಟು ಬಿಗಿದರೆ ಬಿಲ್ಲು ಇನ್ನಷ್ಟು ಬಾಗುತ್ತದೆ.

ರಬ್ಬರ್ ಉಂಗುರವಿರುವ ಜೋಡಣೆಗಳಲ್ಲಿ ಲೋಹದ ಮುಖಗಳು ಒಂದಕ್ಕೊಂದು ತಾಗುವವರೆಗೆ ಬಿಗಿದರೆ ಆಯಿತು. ನೀರು ತಡೆಯುವುದು ಉಂಗುರ, ಬೋಲ್ಟಿನ ಬಲವಲ್ಲ. ಕಾಗದದ ಗ್ಯಾಸ್ಕೆಟ್ಟಿಗೆ ಅಂಟನ್ನು ಹಚ್ಚುವುದಾದರೆ ತೆಳುವಾಗಿ ಹಚ್ಚಬೇಕು. ಹೆಚ್ಚಾದ ಅಂಟು ಒಳಕ್ಕೆ ಹಿಂಡಿಕೊಂಡು ಬಂದು, ಗಟ್ಟಿಯಾಗಿ, ಮುಂದೊಂದು ದಿನ ಕಳಚಿ ರೇಡಿಯೇಟರಿನ ಸಪೂರ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಜೋಡಣೆ ಮುಗಿದ ಮೇಲೆ ಶೀತಕ ತುಂಬಿ, ಒಳಗೆ ಉಳಿದ ಗಾಳಿಯನ್ನು ಹೊರಡಿಸಿ, ಎಂಜಿನ್ನನ್ನು ರೇಡಿಯೇಟರ್ ಫ್ಯಾನ್ ತಿರುಗುವವರೆಗೆ ಓಡಿಸಿ ತಣಿಯಲು ಬಿಡುತ್ತಾರೆ. ಪೂರ್ತಿ ತಣಿದ ನಂತರ ಶೀತಕದ ಮಟ್ಟವನ್ನು ಮತ್ತೊಮ್ಮೆ ನೋಡಲಾಗುತ್ತದೆ. ಗಾಳಿ ಹೊರಬಿದ್ದಷ್ಟು ಮಟ್ಟ ಮೊದಲ ದಿನ ಇಳಿಯುವುದು ಸಹಜ. ಅದನ್ನು ತುಂಬಿದ ಮೇಲೂ ಮರುದಿನ ಇಳಿದಿದ್ದರೆ ಸೋರಿಕೆಯನ್ನು ಹುಡುಕಬೇಕಾಗುತ್ತದೆ.